ಸಕ್ಕರೆಗೆ ತೆರೆಯದ ಬಾಗಿಲು

"ದೊಡ್ಡವ್ವ, ಇಷ್ಟು ವರ್ಷ ನೀ ಬರೇ ಕೂಸುಗಳ ಹೇಲು ಟೆಸ್ಟ್ ಮಾಡ್ಕೋತ ಕುಂತಿದ್ದೇನು?"

ನನ್ನ ತಂಗಿಯ ಮಗಳು ರೋಹಿಣಿ ಹೀಗೆ ಕೇಳಿ ಮೂಗು ಮುರಿದಳು. ಹೈದರಾಬಾದಿನ ಕೊಂಡಾಪುರದ ದೊಡ್ಡ ಲ್ಯಾಬೊಂದಕ್ಕೆ ಅವಳು ಈಚೆಗಷ್ಟೇ ಸೇರಿದ್ದಾಳೆ. ಅಲ್ಲಿ ಸ್ಯಾಂಪಲ್‌ಗಳು ಪುಟ್ಟ ಕೊಳವೆಗಳಲ್ಲಿ ಬಾರ್‌ಕೋಡ್ ಅಂಟಿಸಿಕೊಂಡು ಬರುತ್ತವೆ, ಯಂತ್ರದ ಹೊಟ್ಟೆಗೆ ಹೋಗುತ್ತವೆ, ಉತ್ತರ ಪರದೆಯ ಮೇಲೆ ಮೂಡುತ್ತದೆ. ಯಾವುದರ ವಾಸನೆಯೂ ಅವಳ ಮೂಗಿಗೆ ತಾಕಿಲ್ಲ.

"ಹೌದವಾ, ಅದನ್ನಽ ಮಾಡೀನಿ. ಮೂಗು ಮುರಿಯೋದು ಆಮ್ಯಾಲ, ಮೊದಲು ಕುಂತು ಕೇಳು" ಎಂದು ಗದರಿದೆ. ಅರ್ಧ ಕೇಳಿದಳು, ಫೋನ್ ಬಂತೆಂದು ಎದ್ದು ಹೋದಳು. ಉಳಿದರ್ಧವನ್ನು ಬರೆದೇ ಬಿಡೋಣ ಅನ್ನಿಸಿತು. ಈ ಕೆಲಸಕ್ಕೆ ಹೊಸದಾಗಿ ಬರುವ ಅವಳಂಥ ಎಲ್ಲರಿಗೂ ಇದು. ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಎಷ್ಟು ಹಾರ ಹಾಕಿದರು ಎಂಬುದನ್ನು ಬರೆಯುವುದಿಲ್ಲ. ಶಾಲುಗಳೆಲ್ಲ ಬೀರುವಿನಲ್ಲಿವೆ, ನುಸಿ ತಿನ್ನುತ್ತಿವೆ.

ನಾನು ರಾಯಚೂರಿನವಳು. ಮದುವೆಯಾಗಿ ಹೈದರಾಬಾದಿಗೆ ಬಂದು ಹಿಮಾಯತ್‌ನಗರದಲ್ಲಿ ಸಂಸಾರ ಹೂಡಿದೆ. ಮನೆಯಿಂದ ಹೆಚ್ಚು ದೂರವಿಲ್ಲದ ಮಕ್ಕಳ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಬಯೋಕೆಮಿಸ್ಟ್ ಆಗಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಖಾದ್ರಿ ಸಾಹೇಬರು. ಹುಟ್ಟಿದ್ದು ಗುಲ್ಬರ್ಗಾದಲ್ಲಿ, ಬೆಳೆದದ್ದು ಹೈದರಾಬಾದಿನ ಹಳೇ ಶಹರದ ಅಜ್ಜನ ಹವೇಲಿಯಲ್ಲಿ. ಉರ್ದುವಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಸಿಟ್ಟು ಬಂದರೆ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕುತ್ತಿದ್ದರು, ಹಾಗಾಗಿ ಅವರ ಕನ್ನಡಕಕ್ಕೆ ಸದಾ ಒಂದು ಕಡೆ ದಾರ ಸುತ್ತಿರುತ್ತಿತ್ತು. ಅವರಂಥ ಮೇಲಧಿಕಾರಿ ನಿಮಗೂ ಸಿಗಲಿ ಎಂದು ಹರಸುತ್ತೇನೆ. ಬೈಗುಳ ಸಹಿತ.

ಆಗಿನ ನಮ್ಮ ಕೆಲಸದ ಪರಿ ಹೇಳುತ್ತೇನೆ. ಕೂಸಿಗೆ ಭೇದಿ ನಿಲ್ಲದಿದ್ದರೆ ಅದರ ಮಲದಲ್ಲಿ ಸಕ್ಕರೆ ಹೋಗುತ್ತಿದೆಯೇ ಎಂದು ನೋಡಬೇಕು. ಗಾಜಿನ ಕೊಳವೆಯಲ್ಲಿ ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ನೀರು ಹಾಕಿ, ಮಲದ ನೀರಿನ ಕೆಲವು ಹನಿ ಬೆರೆಸಿ ಕುದಿಸುವುದು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ದಾಟಿ ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಸಕ್ಕರೆ ದಂಡಿಯಾಗಿದೆ, ಅಂದರೆ ಕರುಳು ಅದನ್ನು ಒಳಗೆ ಸೇರಿಸಿಕೊಳ್ಳುತ್ತಿಲ್ಲ. ಬಣ್ಣ ತಿರುಗುವುದನ್ನು ನೋಡುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತಿತ್ತು, ಕೊನೆಯ ದಿನದವರೆಗೂ.

ಒಮ್ಮೆ ಒಂದೇ ವಾರ್ಡಿನ ಎಲ್ಲ ಕೂಸುಗಳ ಸ್ಯಾಂಪಲ್ಲೂ ಕೆಂಪಾದವು. ವಾರ್ಡಿನ ಡಾಕ್ಟರು ಗಾಬರಿಯಾಗಿ ಎಲ್ಲರ ಹಾಲೂ ನಿಲ್ಲಿಸಿಬಿಟ್ಟರು. ಖಾದ್ರಿ ಸಾಹೇಬರು ಬಂದು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆಸ್ಪತ್ರೆಯ ಬಾಟಲಿ ಮುಗಿದಿದ್ದವು, ತಾಯಂದಿರು ಮನೆಯ ಜಾಮ್ ಬಾಟಲಿಗಳನ್ನು ಒಂದಿಷ್ಟು ತೊಳೆದು ಅವುಗಳಲ್ಲೇ ಸ್ಯಾಂಪಲ್ ತಂದಿದ್ದರು! "ಕೂಸು ಹೇತದ್ದು ಕಮ್ಮಿ, ಜಾಮ್ ಜಾಸ್ತಿ ಐತ್ರಿ ಇದರಾಗ" ಎಂದರು. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಒಂದು ರಿವಾಜು ಬಿತ್ತು. ಉತ್ತರ ಬರೆಯುವ ಮೊದಲು ಸ್ಯಾಂಪಲ್ ಎಲ್ಲಿಂದ, ಯಾವುದರಲ್ಲಿ, ಯಾರ ಕೈಯಿಂದ ಬಂತು ಎಂದು ಕೇಳಬೇಕು. ಕೇಳದಿದ್ದರೆ ಕನ್ನಡಕ ಮೇಜಿನ ಮೇಲೆ ಬೀಳುತ್ತಿತ್ತು.

ಆ ರಿವಾಜೇ ಒಂದು ಜೀವ ಉಳಿಸಿತು. ನಾನು ಹೇಳಬೇಕೆಂದಿರುವುದು ಆ ಕೂಸಿನ ಕಥೆ.

ಮೂರು ವಾರದ ಹೆಣ್ಣು ಕೂಸು. ವಿಜಯಪುರ ಕಡೆಯ ಮನೆತನ, ಇಲ್ಲಿಯ ಕೋಠಿ ಪೇಟೆಯಲ್ಲಿ ಬಟ್ಟೆ ಅಂಗಡಿ. ಅಪ್ಪ ಶಿವರಾಜ, ಅವ್ವ ಮಹಾನಂದಾ. ಅವರ ಜೊತೆ ಶಿವರಾಜನ ತಾಯಿ ಗಂಗವ್ವ. ಇಲ್ಲೊಂದು ಸಂಬಂಧ ನೆನಪಿಡಿ. ಮಹಾನಂದಾ ಗಂಗವ್ವನ ಹಿರಿಮಗಳ ಮಗಳು. ಸೋದರಮಾವನಿಗೇ ಕೊಟ್ಟದ್ದು, ನಮ್ಮ ಕಡೆ ಇದು ಹೊಸತೇನಲ್ಲ. ಹಾಗಾಗಿ ಮಹಾನಂದಾ ಅತ್ತೆಯನ್ನು ಅತ್ತೆ ಎನ್ನುತ್ತಿರಲಿಲ್ಲ, ಅಜ್ಜಿಯನ್ನು ಕರೆಯುವಂತೆ "ಆಯಿ" ಎಂದೇ ಕರೆಯುತ್ತಿದ್ದಳು.

ಕೂಸು ಒಣಗುತ್ತಿತ್ತು. ನೆತ್ತಿ ಕುಸಿದಿತ್ತು, ಅಳಲು ದನಿಯಿರಲಿಲ್ಲ. ಸಲೈನ್ ಏರಿಸಿ ಹಾಲು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಕಣ್ಣು ಬಿಟ್ಟು ಕೈ ಆಡಿಸುತ್ತಿತ್ತು. ಮತ್ತೆ ತಾಯಿಯ ಹಾಲು ಕೊಟ್ಟರೆ ಮತ್ತೆ ಕುಸಿಯುತ್ತಿತ್ತು. ವಾರ್ಡಿನ ಡಾಕ್ಟರ್ ಸುಗುಣಾ ಭೇದಿಗೆ ಎಲ್ಲರೂ ಕೊಡುವ ಸಕ್ಕರೆ-ಉಪ್ಪಿನ ನೀರು ಕೊಟ್ಟು ನೋಡಿದರು, ಇನ್ನೂ ಕೆಟ್ಟಿತು. ಹಾಲಿನ ಸಕ್ಕರೆ ಇಲ್ಲದ ಡಬ್ಬಿಯ ಹಾಲು ಕೊಟ್ಟರು, ಅದೂ ಆಗಲಿಲ್ಲ. ನಮಗೆ ಬಂದ ಸ್ಯಾಂಪಲ್ ಕುದಿಸಿದೆ. ನೀಲಿ ನೀಲಿಯಾಗಿಯೇ ಉಳಿಯಿತು, ಸಕ್ಕರೆ ಇಲ್ಲ.

ಈ ಮನೆಯಲ್ಲಿ ಇದು ಎರಡನೆಯ ಕೂಸು ಎಂದು ಸುಗುಣಾ ಮೇಡಂ ಹೇಳಿದರು. ಮೊದಲನೆಯದು ಗಂಡು, ಊರಿನಲ್ಲಿ ಹೆರಿಗೆಯಾಗಿ ಹೀಗೇ ಒಣಗಿ ಹೋಗಿತ್ತು. ಮಹಾನಂದಾಳ ಹಾಲೇ ವಿಷ ಎಂದು ನೆಂಟರು ಆಡಿಕೊಂಡಿದ್ದರು. ಇದೂ ಹೋದರೆ ಶಿವರಾಜನಿಗೆ ಇನ್ನೊಂದು ಮದುವೆ ಮಾಡುವ ಮಾತು ಒಳಗೊಳಗೇ ನಡೆದಿತ್ತು.

"ಸ್ಯಾಂಪಲ್ ಎಲ್ಲಿಂದ ಬಂತ್ರಿ?" ಎಂದರು ಖಾದ್ರಿ ಸಾಹೇಬರು.

"ವಾರ್ಡಿನಿಂದ ಸರ್. ಬಟ್ಟಿಯಿಂದ ಕೆರೆದು ಕೊಟ್ಟಾರ."

"ಅರೆ ಅಲ್ಲಾ! ಬಟ್ಟಿಯಿಂದ?" ಕನ್ನಡಕ ಬಿತ್ತು. "ಏಳ್ರಿ, ನಡೀರಿ ವಾರ್ಡಿಗೆ."

ನಾವು ಹೋದಾಗ ಗಂಗವ್ವ ಕೂಸಿನ ಬಟ್ಟೆ ಬದಲಿಸುತ್ತಿದ್ದಳು. ತನ್ನ ಹಳೆಯ ಹತ್ತಿ ಸೀರೆಗಳನ್ನು ಹರಿದು, ಒಗೆದೊಗೆದು ಬೆಣ್ಣೆಯಂತೆ ಮೆತ್ತಗಾದ ಅರಿವೆಗಳ ಗಂಟನ್ನೇ ತಂದಿದ್ದಳು. ಎತ್ತರದ ಹೆಂಗಸು, ಹಣೆಯಲ್ಲಿ ವಿಭೂತಿ, ಯಾರಿಗೂ ಬಗ್ಗದ ಕತ್ತು.

"ಭೇದಿ ಎಷ್ಟು ಸಲ ಆಗತೈತ್ರಿ ತಾಯೀ?" ಸಾಹೇಬರು ಕೇಳಿದರು.

"ಭೇದಿ ಭಾಳ ಇಲ್ರಿ ಸಾಹೇಬ್ರ. ಅರಿವಿಗೆ ಒಂಚೂರು ಹತ್ತಿರ್ತೈತಿ, ಅಷ್ಟಽ. ಉಚ್ಚಿ ಮಾತ್ರ ದಂಡಿ ಹೊಯ್ತೈತ್ರಿ. ನೋಡ್ರಿ, ಎಲ್ಲಾ ತೊಯ್ದು ತಪ್ಪಡಿ ಆಗೇತಿ. ಉಚ್ಚಿ ಚಲೋ ಹೊಂಟೈತಿ ಅಂದ್ರ ಕೂಸಿಗೆ ಏನೂ ಆಗಂಗಿಲ್ಲ ಅಂತ ನಾನಽ ಎಲ್ಲಾರಿಗೂ ಧೈರ್ಯ ಹೇಳಾಕತ್ತೀನಿ."

ಸಾಹೇಬರು ಆ ಒದ್ದೆ ಅರಿವೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಗಿನ ಹತ್ತಿರ ಒಯ್ದರು. ಆಸ್ಪತ್ರೆಯ ದೊಡ್ಡ ಡಾಕ್ಟರು ಹಾಗೆ ಮಾಡುವುದನ್ನು ನೋಡಿ ಪಕ್ಕದ ಹಾಸಿಗೆಯವರೆಲ್ಲ ಎದ್ದು ನಿಂತರು. ಆಮೇಲೆ ನನ್ನ ಕೈಗೆ ಕೊಟ್ಟರು. ನಾನೂ ಮೂಸಿದೆ. ಉಚ್ಚೆಯ ವಾಸನೆ ಅಲ್ಲವೇ ಅಲ್ಲ. ಹುಳಿ ಹಿಡಿದ ಹಿಟ್ಟಿನ ವಾಸನೆ!

"ಇದು ಉಚ್ಚಿ ಅಲ್ರಿ ತಾಯೀ" ಎಂದರು ಮೆಲ್ಲಗೆ. "ಇದಽ ಭೇದಿ. ನೀರಿನಂಗ ಹೊಂಟೈತಿ. ಅರಿವಿ ಎಲ್ಲಾ ಕುಡದು ಬಿಡತೈತಿ, ನಮ್ಮ ಕೈಗೆ ಏನೂ ಉಳಿಯವಲ್ದು."

ಗಂಗವ್ವ ಆ ಅರಿವೆಯನ್ನು ಇಸಿದುಕೊಂಡು ತಾನೂ ಮೂಸಿ, ಕೂಸಿನ ಪಕ್ಕ ಕೂತಳು. ಸಕ್ಕರೆಯೆಲ್ಲ ಆ ನೀರಿನಲ್ಲಿತ್ತು. ನೀರನ್ನೆಲ್ಲ ಸೀರೆ ಹೀರಿಕೊಂಡು, ನಮಗೆ ಬರೀ ಅದರ ಮೇಲೆ ಉಳಿದ ಚೂರು ಬಂದಿತ್ತು.

ಈಗ ಆ ನೀರನ್ನು ಹಿಡಿಯಬೇಕು. ನರ್ಸಮ್ಮ ಪ್ಲಾಸ್ಟಿಕ್ ಹಾಳೆ ತಂದಳು. ಅದನ್ನು ಕಂಡದ್ದೇ ತಡ, ಗಂಗವ್ವ ಎದ್ದು ಕೂಸಿಗೆ ಅಡ್ಡ ನಿಂತಳು.

"ಅದು ಬ್ಯಾಡ. ನನ್ನ ಕೂಸು ಅದರ ಮ್ಯಾಲ ಮಲಗಂಗಿಲ್ಲ."

ನನಗೆ ಸಿಟ್ಟು ಬಂತು. ಜೀವ ಹೋಗುವ ಹೊತ್ತಿನಲ್ಲಿ ಇದೆಂಥ ಹಟ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ಆ ಗಂಡಕೂಸನ್ನ ದವಾಖಾನಿಯವರು ನನ್ನ ಕೈಯಾಗ ಕೊಟ್ಟದ್ದು ಇಂಥಾದರಾಗಽ ಸುತ್ತಿ ಕೊಟ್ಟಾರ್ರಿ. ನಾ ಮನೀ ತನಕ ಹಂಗಽ ಹಿಡಕೊಂಡು ಬಂದೀನಿ. ಪರಪರ ಸಪ್ಪಳ ಮಾಡತಿತ್ತು."

ಸಾಹೇಬರು ನರ್ಸಮ್ಮನಿಗೆ ಕಣ್ಣಿನಲ್ಲೇ ಸನ್ನೆ ಮಾಡಿ ಹಾಳೆಯನ್ನು ಆಚೆ ಕಳಿಸಿದರು. ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದ ಮಹಾನಂದಾ ಆಗ ಬಾಯಿ ಬಿಟ್ಟಳು. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

"ಆಯಿ, ಬಾಳಿ ಎಲಿ ಆದ್ರ ನಡೀತೈತೇನು? ಅದರಾಗೂ ನೀರು ಇಂಗಂಗಿಲ್ಲಲ್ಲ."

"ವಾಹ್ ಬೇಟೀ!" ಎಂದು ಸಾಹೇಬರು ಕೂಗಿದ್ದು ಪಕ್ಕದ ವಾರ್ಡಿಗೂ ಕೇಳಿರಬೇಕು. ಶಿವರಾಜ ಹಿಮಾಯತ್‌ನಗರದ ಹೂವಿನ ಅಂಗಡಿಗೆ ಓಡಿ ಎಳೆಯ ಎಲೆ ತಂದ. ನರ್ಸಮ್ಮ ಅದನ್ನು ತೊಳೆದು ಒರೆಸಿ, ಉಚ್ಚೆ ಬೇರೆಯಾಗಿ ಬೀಳುವಂತೆ ಚೀಲ ಅಂಟಿಸಿ, ಕೂಸನ್ನು ಮಲಗಿಸಿದಳು. ಗಂಗವ್ವ ತಾನೇ ಎಲೆಯ ಅಂಚನ್ನು ದೋಣಿಯಂತೆ ಎತ್ತಿ ಹಿಡಿದು ಕೂತಳು. ಎಲೆಯ ನಡುದಂಟಿನಲ್ಲಿ ನಿಂತ ನೀರನ್ನು ನಾನು ಪಿಪೆಟ್ಟಿನಿಂದ ಎಳೆದುಕೊಂಡೆ.

ಕುದಿಸಿದೆ. ನೀಲಿ ಹಸಿರಾಗಲಿಲ್ಲ, ಹಳದಿಯಾಗಲಿಲ್ಲ, ನೇರ ಇಟ್ಟಿಗೆಯ ಕೆಂಪಿಗೇ ಹೋಯಿತು. ಸಾಹೇಬರು ಇನ್ನೊಂದು ಪಟ್ಟಿ ಕೊಟ್ಟರು, ಗ್ಲೂಕೋಸ್ ಒಂದನ್ನೇ ಗುರುತಿಸುವ ಪಟ್ಟಿ. ಅದ್ದಿದೆ. ಅದೂ ಬಣ್ಣ ತಿರುಗಿ ಕಪ್ಪಿಟ್ಟಿತು, ಅಂದರೆ ಗ್ಲೂಕೋಸ್ ಇದೆ. ಗ್ಲೂಕೋಸ್ ಎಂದರೆ ತೀರ ಸರಳ ಸಕ್ಕರೆ, ಅದನ್ನು ಒಡೆದು ಅರಗಿಸುವ ಕೆಲಸವೇ ಇಲ್ಲ. ಅದೂ ಒಳಗೆ ಹೋಗದೆ ಹೊರಗೆ ಬರುತ್ತಿದೆ! ಸಾಹೇಬರು ಕುರ್ಚಿಯಲ್ಲಿ ಕೂತು ಗಡ್ಡ ನೀವಿಕೊಂಡರು.

"ಶಾರದಾ, ನಮ್ಮ ಅಜ್ಜನ ಹವೇಲಿಯ ಡೇವಡಿ ನೀವು ನೋಡೀರಿಲ್ಲ?" ಎಂದರು.

ನೋಡಿದ್ದೆ. ಹಳೇ ಶಹರದ ದೊಡ್ಡ ಮನೆಗಳ ಪ್ರವೇಶ ಅದು, ಎರಡು ಬಾಗಿಲು, ನಡುವೆ ಒಂದು ಸಣ್ಣ ಪಡಸಾಲೆ. ಹೊರಬಾಗಿಲು ತೆರೆದಾಗ ಒಳಬಾಗಿಲು ಮುಚ್ಚಿರಬೇಕು. ಅತಿಥಿ ಒಳಗೆ ಬಂದ ಮೇಲೆ ಹೊರಬಾಗಿಲು ಹಾಕಿ, ಆಮೇಲೆಯೇ ಒಳಬಾಗಿಲು ತೆಗೆಯುವುದು. ಗೋಷಾ ಹೆಂಗಸರಿದ್ದ ಮನೆಯ ಪದ್ಧತಿ. ಎರಡೂ ಒಟ್ಟಿಗೆ ಎಂದೂ ತೆರೆಯುವುದಿಲ್ಲ.

ಕರುಳಿನ ಒಂದೊಂದು ಜೀವಕೋಶಕ್ಕೂ ಎಣ್ಣೆಯಂಥ ತೆಳ್ಳನೆಯ ಪೊರೆ ಇದೆ. ನೀರಿನಲ್ಲಿ ಕರಗಿದ ಸಕ್ಕರೆ ಎಣ್ಣೆಯನ್ನು ದಾಟಲಾರದು. ಆ ಪೊರೆಯಲ್ಲಿ ಪ್ರೋಟೀನುಗಳು ಡೇವಡಿಯ ಹಾಗೆ ನಿಂತಿರುತ್ತವೆ. ಪ್ರೋಟೀನ್ ಎಂದರೆ ಬರೀ ಬೇಳೆ, ಮೊಟ್ಟೆ ಎಂದುಕೊಂಡವರು ಇಲ್ಲಿ ನೋಡಬೇಕು. ಒಂದು ಪ್ರೋಟೀನ್ ಹೊರಗೆ ಬಾಯಿ ತೆರೆದು ಗ್ಲೂಕೋಸನ್ನು ಹಿಡಿದು, ಹೊರಬಾಯಿ ಮುಚ್ಚಿ, ಒಳಬಾಯಿ ತೆರೆದು ಒಳಗೆ ಬಿಡುತ್ತದೆ. ಅದಕ್ಕೊಂದು ಗತ್ತು ಬೇರೆ. ಗ್ಲೂಕೋಸ್ ಒಂಟಿಯಾಗಿ ಬಂದರೆ ಒಳಗೆ ಕರೆದೊಯ್ಯುವುದಿಲ್ಲ, ಉಪ್ಪಿನ ಸೋಡಿಯಂ ಜೊತೆಗಿರಲೇಬೇಕು. ಇವೆರಡೂ ಒಳಹೊಕ್ಕರೆ ಹಿಂದೆಯೇ ನೀರು ಹೋಗುತ್ತದೆ. ಭೇದಿಗೆ ಸಕ್ಕರೆ-ಉಪ್ಪಿನ ನೀರು ಸಂಜೀವಿನಿಯಾಗುವುದು ಈ ಒಂದು ಬಾಗಿಲಿನ ದಯೆಯಿಂದ. ಕಣ್ಣಿಗೆ ಕಾಣದ ಆ ಪ್ರೋಟೀನಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ ನನಗೆ, ಈಗಲೂ.

"ಈ ಕೂಸಿನಾಗ ಆ ಬಾಗಿಲಽ ಕೆಟ್ಟೈತ್ರಿ" ಎಂದರು ಸಾಹೇಬರು. "ತಾಯಿ ಹಾಲಿನ ಸಕ್ಕರಿ ಒಡೆದ್ರೂ ಅದಽ ಬಾಗಲಕ್ಕ ಬರಬೇಕು. ಡಬ್ಬಿ ಹಾಲಿಂದೂ ಅದಽ ಬಾಗಲ. ಸಕ್ಕರಿ ನೀರಿಂದೂ ಅದಽ. ಒಳಗ ಹೋಗದ ಸಕ್ಕರಿ ಕರುಳಿನಾಗ ಕುಂತು ಮೈಯಾಗಿನ ನೀರು ಹೊರಗ ಎಳೀತೈತಿ. ನಾವು ಔಷಧ ಅಂತ ಕೊಟ್ಟದ್ದಽ ಕೂಸನ್ನ ಒಣಗಿಸಾಕತ್ತಿತ್ತು."

"ಹಂಗಾರ ಏನು ಕೊಡೋದು ಸರ್?"

"ಹಣ್ಣಿನ ಸಕ್ಕರಿ. ಫ್ರಕ್ಟೋಸ್. ಅದಕ್ಕ ಬ್ಯಾರೆ ಬಾಗಲ ಐತಿ."

ಹೇಳುವುದೇನೋ ಸುಲಭ, ಆಗ ಅದು ಸಿಗಬೇಕಲ್ಲ! ನಾನು, ಶಿವರಾಜ ಕೋಠಿಯ ಔಷಧದ ಅಂಗಡಿಗಳ ಸಾಲನ್ನು ಜಾಲಾಡಿದೆವು. ಕೆಲವರು ಗ್ಲೂಕೋಸ್ ಡಬ್ಬಿಯನ್ನೇ ಕೈಗಿತ್ತು ಎರಡೂ ಒಂದೇ ಎಂದು ವಾದ ಮಾಡಿದರು. ಕಡೆಗೆ ಒಳಗಲ್ಲಿಯ ಒಬ್ಬ ಮುದುಕಪ್ಪ, "ಎವರಿಕಮ್ಮಾ? ಷುಗರ್ ಪೇಷಂಟ್‌ಕಾ?" ಎಂದು ತೆಲುಗಿನಲ್ಲಿ ಕೇಳಿದ, ಯಾರಿಗಮ್ಮಾ ಎಂದು. ಸಕ್ಕರೆ ಕಾಯಿಲೆಯವರು ಚಹಾಕ್ಕೆ ಹಾಕಿಕೊಳ್ಳುವುದಕ್ಕೆಂದು ತರಿಸಿಟ್ಟಿದ್ದನಂತೆ. "ಪಸಿ ಪಾಪಕಿ" ಎಂದೆ, ಎಳೆಗೂಸಿಗೆ ಎಂದು. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಏನೂ ಕೇಳದೆ ಅಟ್ಟ ಹತ್ತಿ ಸೀಲು ಒಡೆಯದ ಡಬ್ಬಿಗಳನ್ನೆಲ್ಲ ಇಳಿಸಿಕೊಟ್ಟ.

ಹಾಲಿನಿಂದ ಸಕ್ಕರೆಯನ್ನೆಲ್ಲ ತೆಗೆದು ಉಳಿಸಿದ ಪ್ರೋಟೀನ್ ಪುಡಿ, ಎಣ್ಣೆ, ಲವಣ, ಫ್ರಕ್ಟೋಸ್ ಇಷ್ಟನ್ನೂ ಆಸ್ಪತ್ರೆಯ ಆಹಾರ ತಜ್ಞೆ ತೂಗಿ ಕಲಸಿದಳು. ಸುಗುಣಾ ಮೇಡಂ ಸಣ್ಣ ಒಳಲೆಯಲ್ಲಿ ಹನಿ ಹನಿಯಾಗಿ ಕುಡಿಸಿದರು. ನಾವೆಲ್ಲ ಕಾದೆವು. ಯಂತ್ರ ಇಲ್ಲ, ಪರದೆ ಇಲ್ಲ. ನೋಡುವುದಕ್ಕಿದ್ದದ್ದು ಒಂದು ಹಳೇ ಸೀರೆಯ ತುಂಡು ಮಾತ್ರ.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವಷ್ಟರಲ್ಲಿ ಗಂಗವ್ವ ಮೊಗಸಾಲೆಯಲ್ಲಿ ಧಾವಿಸಿ ಬಂದಳು. ಸೆರಗು ಎಲ್ಲೋ, ಕಾಲು ಎಲ್ಲೋ. ಕೈಯಲ್ಲಿ ಅರಿವೆ.

"ಬಾಯಾರ, ಮುಟ್ಟಿ ನೋಡ್ರಿ! ಒಣಗೇತ್ರಿ! ಅರಿವಿ ಒಣಗೇತಿ!"

ಮುಟ್ಟಿದೆ. ಒಣಗಿತ್ತು. ನಾನು, ಅವಳು ಆ ಅರಿವೆಯನ್ನು ನಡುವೆ ಹಿಡಿದುಕೊಂಡು ಅತ್ತೆವು. ಖಾದ್ರಿ ಸಾಹೇಬರು ಕನ್ನಡಕ ತೆಗೆದರು, ಕುಕ್ಕಲಿಲ್ಲ, ಒರೆಸಿಕೊಂಡರು.

ಕೂಸು ಮೈ ಹಿಡಿಯಿತು. ಮನೆಗೆ ಕಳಿಸುವ ಮೊದಲು ಸಾಹೇಬರು ಮೂವರನ್ನೂ ಕೂಡಿಸಿ ಎಲ್ಲ ವಿವರಿಸಿದರು. ಸಕ್ಕರೆ, ಜೇನು, ಹಾಲು, ಗಂಜಿ ಯಾವುದೂ ಕೂಡದು. ಮುಂದೆ ದೊಡ್ಡವಳಾದಂತೆ ನೋಡಿ ನೋಡಿ ಕೊಡೋಣ. ಮಹಾನಂದಾ ತಲೆ ತಗ್ಗಿಸಿಕೊಂಡೇ ಕೇಳಿದಳು, "ನನ್ನ ಹಾಲಿನಾಗ ಏನು ದೋಷ ಐತ್ರಿ?"

"ನಿನ್ನ ಹಾಲು ಅಮೃತ ಐತಿ ತಾಯೀ. ದೋಷ ಬಾಗಲದ್ದು. ಆ ಬಾಗಲ ಕಟ್ಟೋ ನಕ್ಷೆ ಎರಡು ಪ್ರತಿ ಇರ್ತಾವ, ಒಂದು ಅಪ್ಪಂದು, ಒಂದು ಅವ್ವಂದು. ಒಂದು ಕೆಟ್ರ ನಡೀತೈತಿ. ಈ ಕೂಸಿಗೆ ಎರಡೂ ಕಡಿಯಿಂದ ಕೆಟ್ಟದ್ದಽ ಬಂದೈತಿ."

ಗಂಗವ್ವ ಲೆಕ್ಕ ಹಾಕಿದಳು. ಅವಳ ಮುಖದಲ್ಲಿ ಅದು ನಡೆಯುತ್ತಿದ್ದುದನ್ನು ನಾನು ಕಂಡೆ. ಶಿವರಾಜ ತನ್ನ ಮಗ. ಮಹಾನಂದಾ ತನ್ನ ಮಗಳ ಮಗಳು.

"ಎರಡೂ ಕಡಿ ಅಂದ್ರ ಎರಡೂ ನನ್ನ ಹೊಟ್ಟೀಕಡಿಂದಽ ಬಂದಂಗ ಆತಲ್ರಿ?"

ಸಾಹೇಬರು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು. "ನಿಮ್ಮಿಂದ ಇರಬಹುದು, ನಿಮ್ಮ ಯಜಮಾನ್ರಿಂದ ಇರಬಹುದು. ಯಾರಿಂದ ಅಂತ ಹೇಳಾಕ ಬರಂಗಿಲ್ಲ. ಮತ್ತ ಇದು ಯಾರ ತಪ್ಪೂ ಅಲ್ಲ."

"ಅವರು ಹೋಗಿ ಭಾಳ ವರ್ಷ ಆತು, ಕೇಳಿದ್ರ ಉತ್ತರ ಕೊಡಾಕ ಅವರಿಲ್ಲ. ನಂದಽ ಅಂತ ಇಟ್ಕೋರಿ" ಎಂದಳು ಗಂಗವ್ವ. ಅಷ್ಟೇ ಹೇಳಿ ಎದ್ದು, ಅರಿವೆಗಳ ಗಂಟು ಕಟ್ಟಿಕೊಂಡು ಹೊರಟಳು. ಮೊಮ್ಮಗಳು ಮಹಾನಂದಾಳ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಅದರ ಬಗ್ಗೆಯೇ ಚಿಂತೆಯಾಯಿತು. ಔಷಧದಿಂದ ಕೂಸು ಉಳಿಯಿತು, ಈ ಹುಡುಗಿಯನ್ನು ಆ ನೆಂಟರ ಬಾಯಿಂದ ಯಾರು ಉಳಿಸಬೇಕು?

ಈಗೆಲ್ಲ ಇದು ಎಷ್ಟು ಸಲೀಸು! ಒಂದು ಹನಿ ರಕ್ತ ಸಾಕು, ನಕ್ಷೆಯ ಯಾವ ಅಕ್ಷರ ತಪ್ಪಿದೆ ಎಂದು ರೋಹಿಣಿಯ ಯಂತ್ರ ಹೇಳುತ್ತದೆ. ನನಗೇನೂ ಹೊಟ್ಟೆಕಿಚ್ಚಿಲ್ಲ, ಆಶ್ಚರ್ಯವೇ ಇದೆ. ಆ ಯಂತ್ರ ನಮಗಿದ್ದಿದ್ದರೆ ಆ ಗಂಡುಕೂಸೂ ಉಳಿಯುತ್ತಿತ್ತೋ ಏನೋ. ಆದರೆ ಸ್ಯಾಂಪಲ್ ಎಲ್ಲಿಂದ ಬಂತು ಎಂದು ಯಂತ್ರ ಕೇಳುವುದಿಲ್ಲ. ಅದನ್ನು ನೀವೇ ಎದ್ದು ಹೋಗಿ ಕೇಳಬೇಕು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಮ್ಮನ್ನೂ ಕರೆದಿದ್ದರು. ಕೋಠಿಯ ಅಂಗಡಿಯ ಮೇಲಿನ ಮನೆ, ವಿಜಯಪುರದಿಂದ ಬಂದ ನೆಂಟರಿಂದ ತುಂಬಿ ಹೋಗಿತ್ತು. ಖಾದ್ರಿ ಸಾಹೇಬರು ಕುರ್ಚಿಯಲ್ಲಿ ಕೂತು ಗುಗ್ಗರಿ ಮೆಲ್ಲುತ್ತಿದ್ದರು. ಮಹಾನಂದಾ ಗೋಡೆಯ ಪಕ್ಕ, ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಹೆಸರಿಟ್ಟದ್ದಾಯಿತು, ಹಾಡಿದ್ದಾಯಿತು. ಆಗ ಗಂಗವ್ವನ ನಾದಿನಿ, ದಪ್ಪ ಕುಂಕುಮದ ಹಿರಿಯ ಹೆಂಗಸು, ಸಕ್ಕರೆ ಬಟ್ಟಲು ಹಿಡಿದು ತೊಟ್ಟಿಲ ಕಡೆ ಬಂದಳು.

"ಹೆಸರಿಟ್ಟ ಮ್ಯಾಲ ಬಾಯಿ ಸೀ ಮಾಡಬೇಕಲ್ಲವಾ. ಅವ್ವನ ಹಾಲಂತೂ ಈ ಕೂಸಿಗೆ ವಿಷ ಆತು. ಪಾಪ, ಈ ಅಜ್ಜೀ ಕೈ ಸಕ್ಕರಿನಾದ್ರೂ ತಿನ್ನಲಿ."

ನಾನು ಎದ್ದೇ ಬಿಟ್ಟೆ. ಗಂಗವ್ವ ನನಗಿಂತ ಮುಂಚೆ ಅಲ್ಲಿದ್ದಳು. ನಾದಿನಿಯ ಮಣಿಕಟ್ಟು ಹಿಡಿದು ಬಟ್ಟಲು ಕಸಿದು ಕೆಳಗಿಟ್ಟಳು.

"ಎಲ್ಲಾರೂ ಕೇಳ್ರಿ. ಮಹಾನಂದಾನ ಹಾಲು ಚಲೋ ಐತಿ, ಅಮೃತ ಐತಿ ಅಂತ ಡಾಕ್ಟರ್ ಸಾಹೇಬ್ರು ಹೇಳ್ಯಾರ, ಅಲ್ಲೇ ಕುಂತಾರ ಕೇಳ್ರಿ. ಈ ಬ್ಯಾನಿ ಬಂದದ್ದು ನನ್ನಿಂದ. ನನ್ನ ಮೈಯಾಗಿಂದು ನನ್ನ ಮಗಗೂ ಬಂತು, ನನ್ನ ಮಗಳಿಗೂ ಬಂತು, ಅವಳಿಂದ ಇವಳಿಗೆ ಬಂತು. ಆ ಗಂಡಕೂಸು ಹೋದದ್ದೂ ಅದಕ್ಕಽ. ಇನ್ನ ಮ್ಯಾಲ ಇವಳಿಗೆ ಯಾರರ ಒಂದು ಮಾತು ಅನ್ನೋದಿದ್ರ ನನಗ ಅನ್ರಿ, ನಾ ಇಲ್ಲೇ ಅದೀನಿ."

ಗಂಗವ್ವ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಗೋಡೆಯವರೆಗೆ ಹೋಗಿ ಮೊಮ್ಮಗಳ ಮುಂದೆ ನಿಂತಳು. ಯಾರಿಗೂ ಬಗ್ಗದ ಆ ಕತ್ತು ಬಗ್ಗಿತ್ತು.

"ತಗೋ ನನ್ನವ್ವ, ಎತ್ಕೋ" ಎಂದಳು. "ನಿನ್ನ ಹಾಲು ವಿಷ ಅಂತ ನಾನೂ ಅಂದಿದ್ದೆ."

ಮಹಾನಂದಾ ಒಂದು ಕೈಯಲ್ಲಿ ಕೂಸನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಿಂದ ಆಯಿಯ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು.